ಇಬ್ಬರು ವಹೀದರು

ಬೀದರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅಂದು ಪ್ರಣಾಲಿಯ ಪರೀಕ್ಷೆ. ಹುಟ್ಟಾ ಕಣ್ಣು ಕಾಣದ ಹುಡುಗಿ, ಊರು ಔರಾದ. ಪಾಸಾದರೆ ಊರಿನ ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ. ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಕಲಿಸುವ ನಿಖತ ಮೇಡಂ ಕೆಲಸ ಹೇಳಿದರು. "ನಮ್ಮ ಅಬ್ದುಲ ವಾಹೀದ ಸರ್ ಕೆಲಸ ಬಿಟ್ಟು ಹೋಗ್ಯಾರ. ಅವರ ಲಾಗಿನ್ ತೆಗದ್ ಹಾಕು. ಯಾರಿಗೂ ಕೇಳಂಗಿಲ್ಲ ನೋಡು."

ಪ್ರಣಾಲಿ ಹೆಡ್‌ಫೋನ್ ಏರಿಸಿದಳು. ಪರದೆಯ ಮೇಲಿನದನ್ನು ಓದಿ ಹೇಳುವ ದನಿ ಹೆಸರು ಹೇಳುತ್ತ ಇಳಿಯಿತು. ಸುಮನ. ನಾಗಸೇನ. ವಹೀದ. ವಹೀದ.

ಬೆರಳು ನಿಂತಿತು. ಒಂದು ಸರ್ ಅವರದು, ಇನ್ನೊಂದು ಆಫೀಸಿನ ಕಾಗದಪತ್ರ ನೋಡುವ ವಹೀದಾ ಆಪಾನದು; ಎಲ್ಲರಿಗೂ ಆಕೆ ಆಪಾ, ಅಂದರೆ ಅಕ್ಕ. ಕನ್ನಡದಲ್ಲಿ ವಾಹೀದ, ವಹೀದಾ ಎಂದು ಬರೆದಿದ್ದರೆ ಗೊತ್ತಾಗುತ್ತಿತ್ತು. ಇಂಗ್ಲಿಷಿನಲ್ಲಿ ಯಾರೋ ಅವಸರಕ್ಕೆ ಆಪಾನ ಹೆಸರಿನ ಕೊನೆಯ 'ಎ' ಬಿಟ್ಟು ಬರೆದಿದ್ದರು. ಅಕ್ಷರ ಬಿಡಿಸಿ ಕೇಳಿದಳು. ಒಂದರಲ್ಲಿ 'ಐ', ಇನ್ನೊಂದರಲ್ಲಿ ಎರಡು 'ಇ'. ಯಾವುದು ಯಾರದು? ತಪ್ಪಿ ಅಳಿಸಿದರೆ ಆಪಾ ಮಾಡಿಟ್ಟ ಕಾಗದಪತ್ರವೆಲ್ಲ ಅದರ ಜೊತೆಗೇ ಹೋಗುತ್ತಿತ್ತು.

ಜೊತೆಗೆ ಕಲಿಯುವ ಭಾಲ್ಕಿಯ ಸಿದ್ದೇಶ್ವರನ ಮಾತು ನೆನಪಾಯಿತು. ಅವನಿಗೆ ಡಿಸ್ಲೆಕ್ಸಿಯಾ, ಓದುವಾಗ ಅಕ್ಷರ ಹಿಂದುಮುಂದಾಗುತ್ತವೆ. "ನಾ ಓದಿದ್ದು ನಾನೇ ನಂಬಂಗಿಲ್ಲಕ್ಕಾ," ಅನ್ನುತ್ತಿದ್ದ. "ಅಳಸೂದು ಆಮ್ಯಾಲ. ಮೊದಲ ಬಂದ್ ಮಾಡಿ ಇಡ್ತೇನಿ. ಅದು ಬೇಕಾದವ್ರು ತಾವೇ ಬಂದು ಒದರ್ತಾರ." ಆಗ ಅವಳು ಅವನಿಗೆ ಅಂಜುಬುರುಕಾ ಅಂದು ನಕ್ಕಿದ್ದಳು.

ಅಂದಾಜಿನ ಮೇಲೆ ಎರಡು 'ಇ' ಇದ್ದದ್ದನ್ನು ಅಳಿಸದೆ ಬಂದ್ ಮಾಡಿ ಕುಂತಳು; ಒಳಗಿದ್ದದ್ದು ಹಾಗೇ ಉಳಿಯುತ್ತಿತ್ತು, ಲಾಗಿನ್ ಮಾತ್ರ ಆಗುತ್ತಿರಲಿಲ್ಲ. ನಿಖತ ಮೇಡಂ ಕುರ್ಚಿ ಸರಿಸಿದ ಸದ್ದಾಯಿತು.

ಸ್ವಲ್ಪ ಹೊತ್ತಿಗೆ, ಚಾ ಕುಡಿದು ಬಂದು ಲಾಗಿನ್ ಮಾಡಲು ಹೋಗಿ ಆಗದ ವಹೀದಾ ಆಪಾ ಬಾಗಿಲಲ್ಲಿ ನಿಂತಳು. "ಯಾರವ್ವಾ ನನಗ ಹೊರಗ ಹಾಕಿದವ್ರು? ನಾ ಇನ್ನಾ ನೌಕರಿ ಬಿಟ್ಟಿಲ್ಲ."

"ನಾನೇರಿ ಆಪಾ. ಒಂದ್ ನಿಮಿಷ ತಡೀರಿ," ಅಂದ ಪ್ರಣಾಲಿ ಅದನ್ನು ತೆರೆದು, ಇನ್ನೊಂದನ್ನು ಬಂದ್ ಮಾಡಿದಳು.

"ತಪ್ಪು ಮಾಡಿದಿ," ಅಂದರು ಮೇಡಂ.

"ಹೌದ್ರಿ."

"ಈಗಂತೂ ಯಾವುದು ಯಾರದು ಗೊತ್ತಾತು. ಸರ್ ಅವರದು ಯಾಕ ಅಳಸಲಿಲ್ಲ?"

"ಎಂಟ್ ದಿನ ಬಿಡ್ತೇನ್ರಿ. ಅದರಾಗ ಸರ್ ಏನರೆ ಮರ್ತು ಹೋಗಿದ್ರ?"

ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು.

"ಸೋಮವಾರ ಔರಾದದ ಕಾಲೇಜಿಗೆ ಹೋಗಿ ಹಾಜರಾಗು," ಅಂದರು ಮೇಡಂ. "ಹುಷಾರ ಮತ್ತ. ಅಲ್ಲಿ ಮೂರು ಮಂದಿ ಸಲಾವುದ್ದೀನ ಅದಾರ."