ಟೊಮೆಟೊ ಲಾರಿ

ನನ್ನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಎನ್ಸೆನಾದ ಎಂಬ ಬಂದರು ಊರಿನಲ್ಲಿ ಮೂವತ್ತೆರಡು ವರ್ಷ ಕ್ಷೌರದಂಗಡಿ ನಡೆಸಿದವನು ನಾನು, ತಿಬುರ್ಸಿಯೊ. ಕತ್ತರಿಗಿಂತ ಮೊದಲು ಬಾಯಿ ಆಡುವುದು ಕಸುಬಿಗೆ ಒಳ್ಳೆಯದೇ ಆಗಿತ್ತು. ಅಂಗಡಿಯ ಹೊರಗೆ ಅದರಿಂದ ಆದದ್ದೆಲ್ಲ ನಷ್ಟ.

ಅಂಗಡಿ ಮುಚ್ಚಿದ ಮೇಲೆ, ಅರವತ್ತೆರಡನೆಯ ವಯಸ್ಸಿನಲ್ಲಿ, ಸೈಕಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟೆ. ಹದಿನೇಳನೆಯ ದಿನ ಬೆಳಿಗ್ಗೆ ಆರೂವರೆಗೆ ಮುಲೆಹೆ ಬಿಟ್ಟೆ. ಸಂಜೆಯೊಳಗೆ ಲೊರೆತೊ ಮುಟ್ಟಬೇಕಿತ್ತು. ಅಲ್ಲಿ ನಿಕನೋರ್ ಇದ್ದಾನೆ. ಅವನ ಬಾಗಿಲು ತಟ್ಟಿ, ತಪ್ಪಾಯ್ತು ಅನ್ನಬೇಕು. ನಾನು ಹೊರಟದ್ದೇ ಅದಕ್ಕೆ, ಉಳಿದದ್ದೆಲ್ಲ ನೆಪ.

ನಿಕನೋರ್ ನನ್ನ ಕಂಪಾದ್ರೆ. ಅಂದರೆ ಅವನ ಮಗಳು ಯೆಸೇನಿಯಾಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದ ದಿನ ಮಗುವನ್ನು ಎತ್ತಿಕೊಂಡವನು ನಾನು. ಒಡಹುಟ್ಟಿದವರಿಗಿಂತ ಹೆಚ್ಚಿನ ಸಂಬಂಧ ಅದು. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಇದೇ ದಾರಿಯಲ್ಲಿ ಸೈಕಲ್ ತುಳಿದಿದ್ದೆವು. ಮಧ್ಯದ ಮರಳುಗಾಡಿನಲ್ಲಿ ಅವನಿಗೆ ಹೊಟ್ಟೆ ಕೆಟ್ಟಿತು. ಖಾಲಿ ಟೊಮೆಟೊ ಪೆಟ್ಟಿಗೆಗಳ ಲಾರಿಯೊಂದು ನಲವತ್ತು ಕಿಲೋಮೀಟರ್ ಅವನನ್ನು ಹೊತ್ತುಕೊಂಡು ಬಂತು. ಸೈಕಲ್ಲಿನವನು ಲಾರಿ ಹತ್ತುವುದೆಂದರೆ ನಮ್ಮಲ್ಲಿ ನಾಚಿಕೆಗೇಡು. ಇಳಿದವನೇ ನನ್ನ ಕೈ ಹಿಡಿದು ಒಂದೇ ಮಾತು ಕೇಳಿಕೊಂಡ: "ಯಾರಿಗೂ ಹೇಳ್ಬೇಡ ಮಾರಾಯ."

ಆರು ತಿಂಗಳಾದ ಮೇಲೆ ಯೆಸೇನಿಯಾಗೆ ಹದಿನೈದು ತುಂಬಿದ ಹಬ್ಬ. ಲೋಟ ಎತ್ತಿ ನಾಲ್ಕು ಮಾತಾಡುವುದು ಜ್ಞಾನಸ್ನಾನದ ಅಪ್ಪನ ಪಾಲಿನ ಕೆಲಸ. ಇನ್ನೂರು ಜನ ಕೂತಿದ್ದರು. ನಾನು ಟೊಮೆಟೊ ಲಾರಿಯ ಕಥೆ ಹೇಳಿದೆ, ಹೊಟ್ಟೆ ಹಿಡಿದುಕೊಂಡು ಅಭಿನಯಿಸಿಯೂ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಊರಿಗೆಲ್ಲ ಅವನು 'ಟೊಮೆಟೊ' ಆದ. ಬಂದರಿನಲ್ಲಿ ಹಮಾಲರೂ ಹಾಗೆ ಕರೆದರು, ಹೆಂಡತಿಯ ತಮ್ಮಂದಿರೂ ಹಾಗೆ ಕರೆದರು. ವರ್ಷದೊಳಗೆ ಅವನು ಊರು ಬಿಟ್ಟು ಲೊರೆತೊ ಸೇರಿದ. ಇಷ್ಟಕ್ಕೆಲ್ಲ ಮುನಿಸಿಕೊಳ್ಳುವುದೇ ಎಂದು ನಾನೂ ಬಿಗಿದುಕೊಂಡು ಕೂತೆ. ಎಷ್ಟು ದೊಡ್ಡ ಮೂರ್ಖ ನಾನು!

ಬೆಳಿಗ್ಗೆ ಎಡಕ್ಕೆ ಕೊಲ್ಲಿ, ಬಲಕ್ಕೆ ಬೋಳುಗುಡ್ಡ, ಬೆನ್ನಿಗೆ ಉತ್ತರದ ಗಾಳಿ. ಫೆಬ್ರವರಿಯ ಆ ಗಾಳಿ ಸಿಕ್ಕರೆ ಸೈಕಲ್ ತಾನೇ ಓಡುತ್ತದೆ. ಆ ತಿಂಗಳಲ್ಲಿ ಉತ್ತರಕ್ಕೆ ಮುಖ ಮಾಡಿ ತುಳಿಯುವವನು ಹುಚ್ಚನೇ ಸರಿ. ಆದರೂ ಅಂಥವನೊಬ್ಬ ಎದುರಾದರೆ ನಮ್ಮಲ್ಲೊಂದು ಕಟ್ಟುಪಾಡಿದೆ. ಗಾಳಿ ಯಾರ ಬೆನ್ನಿಗಿದೆಯೋ ಅವನು ನಿಲ್ಲಬೇಕು, ರಸ್ತೆ ದಾಟಿ ಹೋಗಿ ಎದುರುಗಾಳಿಯವನಿಗೆ ತನ್ನ ನೀರು ಕೊಡಬೇಕು. ಹೆಸರು ಕೇಳುವುದು ಆಮೇಲೆ.

ಒಂಬತ್ತರ ಹೊತ್ತಿಗೆ ಒಂದು ಉದ್ದನೆಯ ಇಳಿಜಾರು. ಕೆಳಗಿನಿಂದ ಒಬ್ಬ ಹುಚ್ಚ ಹತ್ತಿ ಬರುತ್ತಿದ್ದ. ತಲೆ ತಗ್ಗಿಸಿದ್ದರೂ ಮೊಣಕಾಲು ಹೊರಕ್ಕೆ ಚಾಚಿ ತುಳಿಯುವ ಆ ರೀತಿಯನ್ನು ನಾನು ಮರೆಯುವುದುಂಟೆ? ನಿಕನೋರ್! ಸಂತೋಷವೇ ಆಯಿತು, ಆಣೆ ಮಾಡಿ ಹೇಳುತ್ತೇನೆ. ಅವನೂ ನನ್ನನ್ನು ಕಂಡು ಕೈ ಎತ್ತಿದ. ಆಗ ನನ್ನ ಬಾಯಿಂದ ಬಂದದ್ದು ಇದು:

"ಲೋ ಟೊಮೆಟೊ! ಇವತ್ತು ಲಾರಿ ಸಿಗಲಿಲ್ವೇನೋ?"

ಗಾಳಿ ನನ್ನ ಮಾತನ್ನು ಚೆನ್ನಾಗಿಯೇ ಮುಟ್ಟಿಸಿತು. ಎತ್ತಿದ ಕೈ ಕೆಳಗಿಳಿದದ್ದನ್ನು ಕಂಡೆ. ಅಷ್ಟರಲ್ಲಿ ಅವನನ್ನು ದಾಟಿಬಿಟ್ಟಿದ್ದೆ. ಬ್ರೇಕ್ ಹಿಡಿಯಬಹುದಿತ್ತು. ಇಳಿಜಾರಿನ ಕೊನೆಯಲ್ಲಿ ನಿಂತರಾಯಿತು ಅಂದುಕೊಂಡೆ. ಕೊನೆಯಲ್ಲಿ ನಿಂತು ತಿರುಗಿ ನೋಡಿದರೆ ಅವನು ತಿರುವಿನಾಚೆ ಹೋಗಿಯಾಗಿತ್ತು. ಆ ಗಾಳಿಗೆ ಎದುರಾಗಿ ಏರು ಹತ್ತುವುದೇ? ಹೇಗೂ ಲೊರೆತೊಗೆ ವಾಪಸ್ ಬರುತ್ತಾನಲ್ಲ ಎಂದು ಮುಂದಕ್ಕೆ ಬಿಟ್ಟೆ.

ಹತ್ತು ಕಿಲೋಮೀಟರ್ ಮುಂದೆ, ಮರಳದಂಡೆಯ ಮೇಲೆ ದೋನ್ಯಾ ಕುಕಾಳ ತಾಳೆಗರಿ ಚಪ್ಪರದ ಹೋಟೆಲು. ಸೈಕಲ್ ಒರಗಿಸುವ ಮೊದಲೇ ಮುದುಕಿ ಹೊರಗೆ ಬಂದು ನನ್ನ ಹಿಂದೆ ರಸ್ತೆಯನ್ನು ನೋಡಿದಳು.

"ನೀವೊಬ್ರೇನಾ? ನಿಕನೋರ್ ಎಲ್ಲಿ?"

"ಅವನು ಅತ್ಲಾಗೆ ಹೋದ. ಯಾಕೆ?"

"ಅತ್ಲಾಗೆ ಹೋದ್ನಾ? ನಿಮ್ಮನ್ನ ಕರ್ಕೊಂಡು ಬರೋಕೇ ಅಲ್ವಾ ಅವನು ಹೋಗಿದ್ದು! ನೀವು ಬರ್ತಿರೋದು ಲಾರಿ ಡ್ರೈವರ್‌ಗಳು ಹೇಳಿದ್ರಂತೆ. ನೆನ್ನೆ ಇಡೀ ದಿನ ಈ ಹಾಳು ಗಾಳೀಲಿ ತುಳ್ಕೊಂಡು ಬಂದು ನನ್ನ ಹಿತ್ತಲಲ್ಲೇ ಮಲ್ಗಿದ್ದ. 'ಎರಡು ತಟ್ಟೆ ಚಿಪ್ಪುಮೀನು ಸುಟ್ಟಿಡು ಅಮ್ಮ, ಕಂಪಾದ್ರೆ ಮುಲೆಹೆಯಿಂದ ಹಸ್ಕೊಂಡು ಬರ್ತಾನೆ' ಅಂದ. ನಿಂತು ಮಾತಾಡ್ಲಿಲ್ವಾ ನೀವು?"

"ಇಳಿಜಾರಿತ್ತು" ಎಂದೆ.

"ಬ್ರೇಕ್ ಇರ್ಲಿಲ್ವಾ?"

ಎರಡು ತಟ್ಟೆಗಳೂ ಮೇಜಿಗೆ ಬಂದವು. ಬರುತ್ತಾನೆ, ಬರದೆ ಎಲ್ಲಿ ಹೋಗುತ್ತಾನೆ ಎಂದುಕೊಂಡು ಕೂತೆ. ಆಗಲೇ ಎದ್ದು ಹೋಗಬೇಕಿತ್ತು. ಎರಡೂವರೆ ತಾಸು ಕೂತೆ. ಒಂದು ಚಿಪ್ಪನ್ನೂ ಮುಟ್ಟಲಾಗಲಿಲ್ಲ. ಉತ್ತರದಿಂದ ಬಂದ ಒಬ್ಬ ಡ್ರೈವರ್ ಕಾಫಿಗೆಂದು ಇಳಿದ. ಸೈಕಲ್ಲಿನ ಮುದುಕನನ್ನು ಕಂಡೆಯಾ ಎಂದು ಕೇಳಿದೆ.

"ಕಂಡೆ. ಮುಲೆಹೆ ಕಡೇಗೆ ಸೈಕಲ್ ತಳ್ಕೊಂಡು ನಡೀತಿದ್ದ. ನೀರು ಬೇಕಾ ಅಂದೆ, ತಲೆ ಆಡಿಸ್ದ ಅಷ್ಟೆ."

ಮುಲೆಹೆಯಲ್ಲಿ ಈಗ ಯೆಸೇನಿಯಾಳ ಮನೆ, ಅಲ್ಲಿಗೇ ಹೊರಟಿದ್ದಾನೆ. ನಾನು ಹೋಟೆಲಿನಲ್ಲಿ ಕೂತಿರುತ್ತೇನೆಂದು ಗೊತ್ತಿದ್ದು ಅವನು ಈ ಕಡೆ ಬರಲೊಲ್ಲ. ಎದ್ದೆ. ಸೈಕಲ್ ಉತ್ತರಕ್ಕೆ ತಿರುಗಿಸಿದೆ. ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ಕಣ್ಣಿಗೆ ಮರಳು, ಬಾಯಿಗೆ ಉಪ್ಪು. ಐದು ಕಿಲೋಮೀಟರಿಗೆ ತೊಡೆಗಳು ಸೋತವು. ಇಂಥದರಲ್ಲಿ ಅವನು ನಿನ್ನೆ ಇಡೀ ದಿನ ತುಳಿದಿದ್ದ, ನನ್ನೊಡನೆ ಒಂದು ಊಟ ಮಾಡಲಿಕ್ಕೆ.

ಎನ್ಸೆನಾದದಿಂದ ಅಲ್ಲಿಯವರೆಗೆ ನನ್ನ ಚಕ್ರ ನೆಲ ಬಿಟ್ಟಿರಲಿಲ್ಲ. ಊರಿಗೆ ಹೋಗಿ ಕೊಚ್ಚಿಕೊಳ್ಳಬೇಕೆಂದೇ ಇದ್ದೆ. ಹುಲ್ಲಿನ ಹೊರೆಗಳ ಲಾರಿಯೊಂದು ಹಿಂದಿನಿಂದ ಬಂದಾಗ ಕೈ ಎತ್ತಿದೆ.

"ಹತ್ತಿ ಅಜ್ಜ, ಈ ಗಾಳೀಲಿ ಏನ್ ಸರ್ಕಸ್ ನಿಮ್ದು!" ಎಂದ ಡ್ರೈವರ್.

ಸೈಕಲ್ಲನ್ನೂ ನನ್ನನ್ನೂ ಹುಲ್ಲಿನ ಮೇಲೆ ಎಳೆದುಕೊಂಡ. ಅರ್ಧ ಗಂಟೆಯಲ್ಲಿ, ಮುಲೆಹೆಗೆ ಸ್ವಲ್ಪ ಮೊದಲು, ನಿಕನೋರ್ ಕಂಡ. ಅವನನ್ನು ದಾಟಿ ಲಾರಿ ನಿಲ್ಲಿಸಿ, ಕೆಳಗಿಳಿದು, ಸೈಕಲ್ ಹಿಡಿದುಕೊಂಡು ನಿಂತೆ. ಲಾರಿ ಹೊರಟುಹೋಯಿತು. ಅವನು ಮೆಲ್ಲಗೆ ಬಂದು ಒಂದು ಕಾಲೂರಿದ. ಕೂದಲು ಪೂರ್ತಿ ನೆರೆತಿತ್ತು. ಹೋಗುತ್ತಿದ್ದ ಲಾರಿಯನ್ನು ನೋಡಿದ, ನನ್ನ ಸೈಕಲ್ಲನ್ನು ನೋಡಿದ. ತಪ್ಪಾಯ್ತು ಅನ್ನಲೆಂದೇ ಇಷ್ಟು ದೂರ ಬಂದವನ ನಾಲಿಗೆ ಬೇರೇನನ್ನೋ ಆಡಿತು.

"ನಿನ್ನ ಹಿಡಿಯೋಕೇ ಹತ್ತಿದ್ದು ಕಣೋ... ಕಾಲು ಆಗ್ಲಿಲ್ಲ" ಎಂದೆ.

ಅವನು ಕೈ ಚಾಚಿ ನನ್ನ ಹೆಗಲ ಮೇಲಿದ್ದ ಒಂದು ಹುಲ್ಲುಕಡ್ಡಿಯನ್ನು ತೆಗೆದು ಬಿಸಾಡಿದ.

"ಯೋಚ್ನೆ ಮಾಡ್ಬೇಡಿ ಕಂಪಾದ್ರೆ. ನಾನು ಯಾರಿಗೂ ಹೇಳಲ್ಲ."

ಅದರಲ್ಲಿ ಗೇಲಿಯಿರಲಿಲ್ಲ. ಗೇಲಿಯಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಪೆಡಲ್ ಮೇಲೆ ಕಾಲಿಟ್ಟು ಹೊರಟ. "ತಪ್ಪಾಯ್ತು ನಿಕನೋರ್!" ಎಂದು ಕೂಗಿದೆ, ಮತ್ತೆ ಕೂಗಿದೆ. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ಅವನು ತಿರುಗಲಿಲ್ಲ.

ಮುಂದೆ ಯೆಸೇನಿಯಾ ಸಿಕ್ಕಾಗ ಆ ದಿನದ ಬಗ್ಗೆ ಅಪ್ಪ ಏನೆಂದರು ಎಂದು ಕೇಳಿದೆ. "ಏನೂ ಹೇಳ್ಲಿಲ್ವಲ್ಲ. ಗಾಳಿ ಜೋರಿತ್ತು ಅಂದ್ರು ಅಷ್ಟೆ" ಎಂದಳು. ನಿಕನೋರ್ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಈ ಕಥೆಯನ್ನೂ ಹೇಳಿದವನು ನಾನೇ.