ಒಂದೇ ಸೌಟು ಅನ್ನ

ಥಾಮ್ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಅತ್ತೆಯ ಬಟ್ಟಲಿಗೆ ಮೊದಲು ಅರ್ಧ ಸೌಟು, ಆಮೇಲೆ ಇನ್ನರ್ಧ ಸೌಟು ಹಾಕಿದಳು. ಎರಡನೆಯದು ಸ್ವಲ್ಪ ಹೆಚ್ಚಾಯಿತೆನಿಸಿ, ಹಾಕುವ ಮೊದಲೇ ಸೌಟನ್ನು ಪಾತ್ರೆಯ ಅಂಚಿಗೆ ಒರೆಸಿ ನಾಲ್ಕು ಅಗುಳು ಉದುರಿಸಿದಳು. ಎದುರಿಗೆ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದ ಮಿಯೆನ್‌ಗೆ ಅದನ್ನು ನೋಡಿ ನಗುವೂ ಬಂತು, ಸಿಟ್ಟೂ ಬಂತು.

"ಔಷಧಿ ಅಳೆಯೋಳ ಹಾಗೆ ಮಾಡ್ತೀಯಲ್ಲೇ! ಒಂದೇ ಸಲ ಹಾಕಿ ಮುಗಿಸಬಾರದಾ?"

"ಜೀವ ಇರೋರಿಗೆ ಒಂದೇ ಸೌಟು ಹಾಕಬಾರದಲ್ಲ ಅತ್ತೆ. ಅದು ಸತ್ತೋರ ತಲೆ ಹತ್ರ ಇಡೋ ಅನ್ನ. ನಮ್ಮಮ್ಮಂಗೆ ಗೊತ್ತಾದ್ರೆ ಕೈ ಮುರೀತಾಳೆ."

"ಇಲ್ಲಿ ಯಾರು ನೋಡ್ತಾರೆ? ನೀನು, ನಾನು, ಆ ಬೆಕ್ಕು. ಅರ್ಧ ಅರ್ಧ ಅಂತ ಹೋಗಿ ಕೊನೆಗೆ ಒಂದೂವರೆ ಆಗುತ್ತೆ. ಡಾಕ್ಟರು ಒಂದು ಅಂದ್ರೆ ಒಂದು. ಹಾಕು, ನಾನೇ ಹೇಳ್ತಿದೀನಲ್ಲ."

ಹಿರಿಯಳೇ ಹೇಳಿದ ಮೇಲೆ ಕಿರಿಯಳದೇನು? ಅಂದಿನಿಂದ ಥಾಮ್ ಒಂದೇ ಸೌಟು ಹಾಕತೊಡಗಿದಳು. ಮೊದಮೊದಲು ಕೈ ಅಳುಕುತ್ತಿತ್ತು, ಆಮೇಲೆ ಅದೇ ರೂಢಿಯಾಯಿತು.

ಮಿಯೆನ್ ಸಂತೆಯಲ್ಲಿ ಸೋಯಾ ಹಾಲು ಒಡೆಸಿ ಮಾಡಿದ ಗಿಣ್ಣು ಮಾರುವವಳು. ಗಂಡ ಹೋದ ಮೇಲೆ ಆ ಗಿಣ್ಣಿನಲ್ಲೇ ಮಗನನ್ನು ಓದಿಸಿ, ಮನೆಗೆ ಹೆಂಚು ಹೊದಿಸಿದ ಗಟ್ಟಿಗಿತ್ತಿ. ಉಣ್ಣುವುದರಲ್ಲೂ ಗಟ್ಟಿಗಿತ್ತಿ. ಹಸಿವಿನ ಕಾಲದಲ್ಲಿ ಹುಟ್ಟಿದವಳಿಗೆ ತುಂಬಿದ ಬಟ್ಟಲೆಂದರೆ ಮರ್ಯಾದೆ, ಮೈ ತುಂಬಿಕೊಂಡರೆ ಮನೆಯ ಏಳಿಗೆ. ಆದರೆ ಎರಡು ವರ್ಷದಿಂದ ಮಂಡಿ ಕೈಕೊಟ್ಟಿತ್ತು. ಶಸ್ತ್ರಚಿಕಿತ್ಸೆ ಆಗಲೇಬೇಕು, ಅದಕ್ಕೂ ಮೊದಲು ಹತ್ತು ಕಿಲೋ ಇಳಿಯಬೇಕು ಎಂದು ಪೇಟೆಯ ಆಸ್ಪತ್ರೆಯಲ್ಲಿ ಹೇಳಿದ್ದರು. ಅಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ನರ್ಸ್ "ಎಪ್ಪತ್ತೆಂಟು!" ಎಂದು ಕೂಗಿ ಬರೆದುಕೊಂಡಿದ್ದಳು. ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು, ಯಾರೋ ಕಿಸಕ್ಕೆಂದರು. ಮಿಯೆನ್‌ಗೆ ಸಂತೆಯ ನಡುವೆ ಸೀರೆ ಜಾರಿದಂತಾಯಿತು ಎಂದು ನಮ್ಮವರು ಹೇಳಬಹುದು. ಅವಳು ತೊಡುವುದು ಇಜಾರ, ನಾಚಿಕೆ ಮಾತ್ರ ಅದೇ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಸೊಸೆಯ ಬೆನ್ನಿಗೆ ಬಾಯಿ ಹಚ್ಚಿ ಹೇಳಿದ್ದಳು: "ಯಾರಿಗೂ ಹೇಳಬೇಡ. ನಿನ್ನ ಗಂಡಂಗೂ ಬೇಡ, ಗಂಡಸರ ಹೊಟ್ಟೇಲಿ ಮಾತು ನಿಲ್ಲಲ್ಲ. ಸೊಸೆ ಅತ್ತೆಗೆ ಹೊಟ್ಟೆಗೆ ಹಾಕಲ್ಲ ಅಂತಾರೆ ಜನ. ಕೆಟ್ಟ ಹೆಸರು ಬರೋದು ನಿನಗೇ."

ಸೊಸೆಯ ಹೆಸರಿನ ಚಿಂತೆ ಎಂದು ಮಿಯೆನ್ ತಾನೂ ನಂಬಿಕೊಂಡಿದ್ದಳು. ನಿಜವಾಗಿ ಇದ್ದದ್ದು ತನ್ನ ಹೆಸರಿನ ಚಿಂತೆ. ಉಂಡು ಅರಗಿಸಿಕೊಳ್ಳುವವಳು ಎಂದು ಊರವರಿಂದೆಲ್ಲ ಹೊಗಳಿಸಿಕೊಂಡವಳು ಈಗ ಹಸಿದು ತೂಕ ಇಳಿಸುತ್ತಿದ್ದಾಳೆ ಎಂದರೆ ಯಾರು ನಗುವುದಿಲ್ಲ?

ಮಗ ಖಾಂಗ್ ಲಾರಿ ಓಡಿಸುತ್ತಿದ್ದವನು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯಿತು. ಥಾಮ್ ಹಿಂದಿನ ದಿನವೇ ಮರುದಿನದ ಊಟ ಯೋಚಿಸಿ ಇಡುತ್ತಿದ್ದಳು. ಮೊದಲು ಒಂದು ಬಟ್ಟಲು ತಿಳಿ ಸಾರು, ಹೊಟ್ಟೆಯ ಅವಸರ ಇಳಿಯಲೆಂದು. ತಟ್ಟೆಯ ಅರ್ಧ ಭಾಗ ಬೇಯಿಸಿದ ಕೆರೆಸೊಪ್ಪು, ಅಂಗೈಯಷ್ಟು ಮೀನು, ಕರಿಯುವ ಬದಲು ಹಬೆಯಲ್ಲಿ ಬೇಯಿಸಿದ ಗಿಣ್ಣು, ಕೊನೆಗೆ ಆ ಒಂದು ಸೌಟು ಅನ್ನ. ಸಂತೆಗೆ ಹೋಗುವಾಗ ಕಬ್ಬಿನ ಹಾಲಿನ ಅಂಗಡಿ ದಾಟುವವರೆಗೂ ಬೈಕು ನಿಲ್ಲಿಸುತ್ತಿರಲಿಲ್ಲ.

"ನನ್ನ ಜೈಲಿಗೆ ಹಾಕಿದೀಯ ನೀನು," ಎಂದು ಮಿಯೆನ್ ಗೊಣಗುವಳು.

"ಬಿಡುಗಡೆ ಆದ್ಮೇಲೆ ಡ್ಯಾನ್ಸ್ ಮಾಡೀರಂತೆ, ಈಗ ಸೊಪ್ಪು ತಿನ್ನಿ."

ಗೊಣಗುತ್ತಲೇ ಮೂರು ಕಿಲೋ ಇಳಿದಿದ್ದಳು. ಹೊಸಿಲು ದಾಟುವಾಗ ಬಾಗಿಲು ಹಿಡಿಯುವುದನ್ನು ತನಗೇ ತಿಳಿಯದೆ ಬಿಟ್ಟಿದ್ದಳು.

ಅಷ್ಟರಲ್ಲಿ ಗಂಡನ ತಿಥಿ ಬಂತು. ನೆಂಟರೆಲ್ಲ ಸೇರಿದರು. ಹೋದವನ ತಂಗಿ ಲುವಾ ಬೇಯಿಸಿದ ಕೋಳಿ ಹೊತ್ತು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಮನಸ್ಸು ಒಳ್ಳೆಯದೇ, ಬಾಯಿ ಮಾತ್ರ ಮೆಣಸಿನಕಾಯಿ. ಹಿರಿಯರ ಪೀಠಕ್ಕೆ ಎಡೆ ಇಟ್ಟು, ಊದುಬತ್ತಿ ಉರಿದು ಮುಗಿದ ಮೇಲೆ ಚಾಪೆ ಹಾಸಿ, ನಾಲ್ಕಾರು ಜನ ಸುತ್ತ ಕೂತು ಉಣ್ಣುವ ದುಂಡು ತಟ್ಟೆಗಳನ್ನು ಇಟ್ಟರು. ಕಳಲೆ ಸಾರು, ಮಾಂಸ ತುಂಬಿ ಕರಿದ ಸುರುಳಿ, ಕೆಂಪು ಅಂಟಕ್ಕಿ ಅನ್ನ, ಕೊಬ್ಬಿನ ಹಂದಿಮಾಂಸ. ಹಿರಿಯ ಹೆಂಗಸರ ತಟ್ಟೆಯ ಪಕ್ಕ ಅನ್ನದ ಪಾತ್ರೆ ಇಟ್ಟುಕೊಂಡು ಥಾಮ್ ಕೂತಳು. ಬೆಳಗಿನ ಕತ್ತಲಲ್ಲೇ ಎದ್ದು ಮೂವತ್ತು ಜನರಿಗೆ ಅಡುಗೆ ಮಾಡಿದ್ದ ಕೈ ಅದು. ಅತ್ತೆಯ ಬಟ್ಟಲು ಬಂದಾಗ ಕೈ ತನ್ನ ರೂಢಿಯಂತೆ ನಡೆಯಿತು. ಒಂದು ಸೌಟು ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟುಬಿಟ್ಟಳು.

ಲುವಾ ಊಟದ ಕಡ್ಡಿ ಕೆಳಗಿಟ್ಟಳು.

"ಅಲ್ಲಮ್ಮಾ ಥಾಮ್, ಒಂದು ಸೌಟು ಅಲ್ಲಿ ಪೀಠದ ಮೇಲಿರೋರಿಗೆ, ಇನ್ನೊಂದು ಸೌಟು ಇಲ್ಲಿ ಕೂತಿರೋರಿಗಾ? ಅತ್ತೆನೂ ಬೇಗ ಹೋಗ್ಲಿ ಅಂತ ಕಾಯ್ತಿದೀಯೇನೆ?"

ಪಕ್ಕದ ಚಾಪೆಗಳವರೂ ತಿರುಗಿ ನೋಡಿದರು. ಥಾಮ್‌ಳ ಮುಖ ಕಿವಿಯವರೆಗೆ ಕೆಂಪಾಯಿತು. ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಬೇಡಿದ ನೋಟವೂ ಅಲ್ಲ, ದೂರಿದ ನೋಟವೂ ಅಲ್ಲ. ಈಗ ನೀವು ಹೇಳುತ್ತೀರಲ್ಲ ಎಂದು ನಂಬಿದ ನೋಟ.

ನಾನೇ ಹೇಳಿದ್ದು, ಅಷ್ಟೇ ಅಂದಿದ್ದರೆ ಸಾಕಿತ್ತು. ಆದರೆ ಅಂದರೆ ಯಾಕೆ ಎಂದು ಕೇಳುತ್ತಾರೆ, ಮಂಡಿ, ತೂಕ, ಎಪ್ಪತ್ತೆಂಟು, ಎಲ್ಲ ಹೊರಗೆ ಬರುತ್ತದೆ. ಮೂವತ್ತು ಮುಖಗಳು ತನ್ನ ಸೊಂಟವನ್ನೇ ನೋಡಿದಂತಾಯಿತು ಮಿಯೆನ್‌ಗೆ.

"ಹಾಕು, ಹಾಕು, ಇನ್ನೆರಡು ಸೌಟು ಹಾಕು," ಎಂದು ನಕ್ಕು ಬಟ್ಟಲು ಚಾಚಿದಳು. "ಹುಡುಗಿಗೆ ಗಡಿಬಿಡಿ, ಮರೆತಿದಾಳೆ."

ಆಮೇಲೆ ಎಲ್ಲರೂ ನೋಡುವಂತೆ ಮೂರು ಬಟ್ಟಲು ಉಂಡಳು. ಒಂದು ಅಗುಳೂ ರುಚಿಸಲಿಲ್ಲ.

ನೆಂಟರು ಹೊರಟ ಮೇಲೆ ಹಿತ್ತಲಲ್ಲಿ ಪಾತ್ರೆಯ ರಾಶಿಯ ಮುಂದೆ ಕೂತಿದ್ದ ಹೆಂಡತಿಯ ಹತ್ತಿರ ಖಾಂಗ್ ಬಂದ.

"ನಾನು ಊರೂರು ತಿರುಗೋದು ಯಾರಿಗೋಸ್ಕರ? ನಮ್ಮಮ್ಮಂಗೆ ಹೊಟ್ಟೆ ತುಂಬಾ ಅನ್ನ ಹಾಕೋಕೂ ನಿನ್ನ ಕೈಲಿ ಆಗಲ್ವಾ? ಅಪ್ಪನ ತಿಥಿ ದಿನ ನನ್ನ ಮುಖಕ್ಕೆ ಮಸಿ ಬಳಿದೆ."

"ತಪ್ಪಾಯ್ತು," ಎಂದಳು ಥಾಮ್. ಅಷ್ಟೇ ಹೇಳಿ ಬೂದಿ ತೆಗೆದುಕೊಂಡು ಪಾತ್ರೆ ತಿಕ್ಕಿದಳು.

ಅಡುಗೆಮನೆಯ ಗೋಡೆಯಾಚೆ ನಿಂತಿದ್ದ ಮಿಯೆನ್ ಎಲ್ಲವನ್ನೂ ಕೇಳಿಸಿಕೊಂಡಳು. ಹೋಗಿ ಮಗನಿಗೆ ಹೇಳಬೇಕೆಂದು ಎರಡು ಹೆಜ್ಜೆ ಇಟ್ಟಳು. ಈಗ ಹೇಳಿದರೆ ಆಗ ಯಾಕೆ ಸುಮ್ಮನಿದ್ದೆ ಎಂದು ಅವನು ಕೇಳುತ್ತಾನೆ. ಒಂದು ನಾಚಿಕೆಯ ಮೇಲೆ ಇನ್ನೊಂದು ಏರಿ ಕೂತಿತ್ತು. ಬಂದ ದಾರಿಯಲ್ಲೇ ಹಿಂದಿರುಗಿದಳು.

ಮರುದಿನದಿಂದ ಥಾಮ್ ಬಟ್ಟಲು ತುಂಬ ಬಡಿಸಿದಳು. ಸರಿಯಾಗಿ ಎರಡು ಸೌಟು, ಗೋಪುರದಂತೆ.

"ಇಷ್ಟು ಬೇಡ ಕಣೇ," ಎಂದಳು ಮಿಯೆನ್.

"ಇರಲಿ ಅತ್ತೆ. ಸಾಲದಿದ್ರೆ ಕೇಳಿ."

ಕೋಪವಿದ್ದಿದ್ದರೆ ಮಿಯೆನ್ ಜಗಳವಾಡಿ ಹಗುರಾಗುತ್ತಿದ್ದಳೇನೋ. ಸೊಸೆಯ ದನಿಯಲ್ಲಿ ಕೋಪವೂ ಇರಲಿಲ್ಲ, ಜೈಲಿನ ತಮಾಷೆಯೂ ಇರಲಿಲ್ಲ. ಇಳಿದಿದ್ದ ತೂಕ ಮೆಲ್ಲನೆ ವಾಪಸಾಗತೊಡಗಿತು. ಸಂತೆಯಲ್ಲಿ ಎಲೆಅಡಿಕೆಯವಳು ಕಣ್ಣು ಮಿಟುಕಿಸಿ ಕೇಳಿದಳು: "ಸೊಸೆ ನಿಂಗೆ ಒಂದೇ ಸೌಟು ಹಾಕ್ತಾಳಂತೆ, ಹೌದೇನೆ? ಪಾಪ!"

ಆ 'ಪಾಪ' ತನಗೆ ಸಲ್ಲಬೇಕಾದದ್ದಲ್ಲ ಎಂದು ಗೊತ್ತಿದ್ದೂ ಮಿಯೆನ್ ತಲೆಯೆತ್ತದೆ ಗಿಣ್ಣು ಕತ್ತರಿಸಿದಳು. ಅಂದು ಇಡೀ ದಿನ ತನ್ನ ಮುಖ ತನಗೇ ಬೇಡವಾಗಿತ್ತು.

ಸುಗ್ಗಿ ಮುಗಿದು ಲುವಾಳ ಮನೆಯಲ್ಲಿ ಹೊಸ ಅಕ್ಕಿಯ ಊಟ. ಅವೇ ನೆಂಟರು, ಅವೇ ಮುಖಗಳು. ಥಾಮ್ ರೂಢಿಯಂತೆ ಅನ್ನದ ಪಾತ್ರೆಯ ಬಳಿ ಹೋಗಿ ಕೂತು ಸೌಟು ಎತ್ತಿಕೊಂಡಳು. ಲುವಾ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಸೊಸೆಗೆ ಕೊಟ್ಟಳು.

"ನೀನು ಆ ಕಡೆ ಕೂತ್ಕೋ ತಾಯಿ. ಇವತ್ತು ಬಡಿಸೋಕೆ ಬೇರೆಯವರಿದ್ದಾರೆ."

ಥಾಮ್ ಎದ್ದು, ಬರಿಗೈಯನ್ನು ಎಲ್ಲಿಡುವುದೆಂದು ತಿಳಿಯದೆ, ಚಾಪೆಯ ತುದಿಗೆ ಸರಿದಳು. ಗಂಡಸರ ಚಾಪೆಯಿಂದ ಖಾಂಗ್ ನೋಡಿ ಮುಖ ತಿರುಗಿಸಿಕೊಂಡ.

ಮಿಯೆನ್‌ಗೆ ಇನ್ನು ಕೂರಲಾಗಲಿಲ್ಲ. ಕಂಬ ಹಿಡಿದು ಎದ್ದಳು, ಮಂಡಿ ಲಟಕ್ಕೆಂದಿತು. ಕುಂಟುತ್ತ ಪಾತ್ರೆಯವರೆಗೆ ಹೋಗಿ, ಲುವಾಳ ಸೊಸೆಯ ಕೈಯಿಂದ ಸೌಟು ಇಸಿದುಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ತನ್ನ ಬಟ್ಟಲಿಗೆ ಒಂದು ಸೌಟು ಅನ್ನ ಹಾಕಿಕೊಂಡು ಪಾತ್ರೆಯ ಮುಚ್ಚಳ ಮುಚ್ಚಿದಳು.

"ಅಯ್ಯೋ ಅತ್ತಿಗೆ! ಹೊಸ ಅಕ್ಕಿ ದಿನ ಇದೇನು ಅಪಶಕುನ?"

"ಸತ್ತೋರು ತಾವೇ ಎದ್ದು ಬಂದು ಬಡಿಸ್ಕೊಳ್ಳಲ್ಲ ಕಣೇ ಲುವಾ," ಎಂದಳು ಮಿಯೆನ್. "ನನ್ನ ತೂಕ ಎಪ್ಪತ್ತೆಂಟು ಕಿಲೋ. ಹತ್ತು ಇಳೀದಿದ್ರೆ ಮಂಡಿ ಆಪರೇಷನ್ ಮಾಡಲ್ವಂತೆ. ಒಂದೇ ಸೌಟು ಹಾಕು ಅಂತ ನಾನೇ ಥಾಮ್‌ಗೆ ಹೇಳ್ಕೊಟ್ಟಿದ್ದು. ಅವಳು ಬೇಡ ಅಂದಿದ್ಲು, ನಾನೇ ಬಲವಂತ ಮಾಡಿದ್ದು. ತಿಥಿ ದಿನ ನಿಮ್ಮೆಲ್ಲರ ಮುಂದೆ ಹೇಳೋಕೆ ನಾಚಿಕೆ ಆಯ್ತು. ನನ್ನ ನಾಚಿಕೆನ ಈ ಹುಡುಗಿ ತಲೆ ಮೇಲೆ ಹೊರಿಸಿ ನಾನು ಮೂರು ಬಟ್ಟಲು ತಿಂದೆ."

ಯಾರೂ ನಗಲಿಲ್ಲ. ಇಷ್ಟು ದಿನ ಹೆದರಿದ್ದು ಆ ನಗುವಿಗೆ. ಖಾಂಗ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ನೆಲ ನೋಡುತ್ತ ಕೂತ.

"ಅವತ್ತೇ ಹೇಳಿದ್ರೆ ಬಾಯಿ ಬಿದ್ದು ಹೋಗ್ತಿತ್ತಾ ಅತ್ತಿಗೆ?" ಎಂದಳು ಲುವಾ ಕೊನೆಗೆ.

"ಬಿದ್ದು ಹೋಗ್ತಿರಲಿಲ್ಲ. ಅದಕ್ಕೇ ಇನ್ನೂ ನಾಚಿಕೆ."

ಮಿಯೆನ್ ಚಾಪೆಯ ತುದಿಗೆ ಹೋಗಿ ಸೊಸೆಯ ಮುಂದೆ ಸೌಟು ಹಿಡಿದಳು. ಥಾಮ್ ತಕ್ಷಣ ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ತುಂಬಿತ್ತು, ತುಟಿ ಬಿಗಿದಿತ್ತು. ನೋವು ಒಂದು ಮಾತಿಗೆ ಹೋಗುವಂಥದ್ದಾಗಿರಲಿಲ್ಲ. ಮಿಯೆನ್ ಕೈ ಹಿಂದೆಗೆಯದೆ, ನೋಯುವ ಮಂಡಿಯ ಮೇಲೆ ಹಾಗೆಯೇ ನಿಂತಳು. ಕೊನೆಗೆ ಥಾಮ್ ಸೌಟು ಹಿಡಿದು ಎದ್ದು, ಪಾತ್ರೆಯ ಪಕ್ಕ ತನ್ನ ಜಾಗದಲ್ಲಿ ಕೂತಳು.

ಲುವಾ ಚಾಪೆಯ ಮೇಲೆ ಮುಂದಕ್ಕೆ ಸರಿದಳು.

"ನನಗೆ ಮಂಡಿನೋವಿಲ್ಲಪ್ಪ. ನನಗೆ ಎರಡೇ ಹಾಕು," ಎಂದು ಎಲ್ಲರಿಗಿಂತ ಮೊದಲು ತನ್ನ ಬಟ್ಟಲನ್ನು, ಎರಡೂ ಕೈಯಲ್ಲಿ ಹಿಡಿದು, ಥಾಮ್‌ಳ ಮುಂದೆ ಚಾಚಿದಳು.