ಸುಭದ್ರಮ್ಮ ಕೊಟ್ಟ ಚೂರು

ಭದ್ರಾವತಿಯ ನ್ಯೂ ಟೌನಿನ ಸುಭದ್ರಮ್ಮನಿಗೆ ಉಂಗುರ ಬಿಗಿಯಾಗಿ, ಚಪ್ಪಲಿ ಹಿಡಿಯದೆ, ದನಿ ಗೊಗ್ಗರಾಗಿ ಎರಡು ಮೂರು ವರ್ಷವೇ ಆಗಿತ್ತು. ನಲವತ್ತು ದಾಟಿದ ಮೇಲೆ ಮೈ ಬರುವುದು ಸಹಜ ಎಂದುಕೊಂಡಿದ್ದರು. 2004ರ ಬೇಸಿಗೆಯಲ್ಲಿ ರಸ್ತೆ ದಾಟುವಾಗ, ಪಕ್ಕದಿಂದ ಬಂದ ಸೈಕಲ್ ಕಾಣದೆ ಬಿದ್ದ ಮೇಲೆಯೇ ಗಂಡ ರೇಣುಕಾಪ್ರಸಾದ್ ಅವರನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದದ್ದು. ಎರಡೂ ಕಣ್ಣಿನ ಹೊರಬದಿಯ ನೋಟ ಮಂಕಾಗಿತ್ತು. ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಕೈಕಾಲು ದಪ್ಪವಾಗಿಸಿದ್ದೂ ಅದೇ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಮೂಗಿನ ಮೂಲಕವೇ ಆಪರೇಷನ್ ಮಾಡುವುದೆಂದು ತೀರ್ಮಾನವಾಯಿತು. ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಇದ್ದಲ್ಲಿ ಇರದೆ ಪಕ್ಕದ ರಕ್ತನಾಳದ ಕಡೆಗೆ ನುಗ್ಗಿದೆ, ಅಲ್ಲಿಯದನ್ನು ಪೂರ್ತಿ ತೆಗೆಯಲಾಗದು ಎಂದರು. ಅದಕ್ಕೂ ಸುಭದ್ರಮ್ಮ ಹೆದರಲಿಲ್ಲ. ಹೆದರಿದ್ದು ಮಾರನೆಯ ದಿನ, ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಪ್ರಿಯದರ್ಶಿನಿ ಬಂದು, ಆಪರೇಷನ್ನಿನಲ್ಲಿ ತೆಗೆಯುವ ಗಡ್ಡೆಯ ಒಂದು ಚೂರನ್ನು ಜೀನ್ ಪರೀಕ್ಷೆಗೆ ಕೊಡುತ್ತೀರಾ ಎಂದು ಕೇಳಿದಾಗ.

ಜೀನ್ ಎಂದರೆ ವಂಶದಲ್ಲಿ ಇಳಿದು ಬರುವಂಥದ್ದು ಎಂದಷ್ಟೇ ಅವರಿಗೆ ಗೊತ್ತಿತ್ತು. ಪಕ್ಕದಲ್ಲೇ ಮಗಳು ಅಕ್ಷರಾ ಮೂಸಂಬಿ ಸುಲಿಯುತ್ತ ಕೂತಿದ್ದಳು. ಕೊಡುವುದಿಲ್ಲ ಎಂದುಬಿಟ್ಟರು. ಡಾಕ್ಟರು ಬೇಸರಿಸದೆ ಹೊರಟರು. ಸಂಜೆ ಮಗಳನ್ನು ಕಾಫಿಗೆ ಕಳಿಸಿ, ಸುಭದ್ರಮ್ಮ ತಾವೇ ಅವರನ್ನು ಕರೆಸಿಕೊಂಡರು.

"ನಿಜ ಹೇಳಿ ತಾಯಿ, ಇದು ನನ್ನ ಮಗಳಿಗೂ ಬರುತ್ತಾ?"

ಪ್ರಿಯದರ್ಶಿನಿ ಮಂಚದ ಅಂಚಿಗೆ ಕೂತು, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ವಿಚಾರಿಸಿದರು. ಯಾರಿಗೂ ಆಗಿರಲಿಲ್ಲ.

"ಹಾಗಿದ್ರೆ ಬರೋ ಸಾಧ್ಯತೆ ತೀರಾ ಕಡಿಮೆ ಅಮ್ಮ. ಮೈಯ ಎಲ್ಲಾ ಕಣದಲ್ಲೂ ಅವೇ ಜೀನ್ ಇರುತ್ತೆ. ಒಂದೊಂದು ಕಡೆ ಒಂದಿಷ್ಟು ಕೆಲಸ ಮಾಡುತ್ತೆ, ಉಳಿದದ್ದು ಸುಮ್ನಿರುತ್ತೆ. ನಿಮ್ಮ ಗಡ್ಡೇಲಿ ಆ ಲೆಕ್ಕ ತಪ್ಪಿದೆ, ಅಲ್ಲಿ ಮಾತ್ರ. ಕೆಲವರ ಗಡ್ಡೆ ಇದ್ದಲ್ಲೇ ಇರುತ್ತೆ, ನಿಮ್ಮದು ಯಾಕೆ ಪಕ್ಕಕ್ಕೆ ನುಗ್ಗಿತು ಅಂತ ನಾನು ಹುಡುಕ್ತಿರೋದು."

ಸುಭದ್ರಮ್ಮ ನಿರಾಳವಾಗಿ ಉಸಿರುಬಿಟ್ಟರು. "ಹಾಗಾದ್ರೆ ಚೂರು ಯಾಕೆ, ಪೂರ್ತಿ ತಗೊಳ್ಳಿ."

ಆಪರೇಷನ್ ಚೆನ್ನಾಗಿ ಆಯಿತು. ರಕ್ತನಾಳದ ಬದಿಗೆ ಉಳಿದ ಅಷ್ಟಿಷ್ಟನ್ನು ತಿಂಗಳಿಗೊಂದು ಇಂಜೆಕ್ಷನ್ ಹದ್ದುಬಸ್ತಿನಲ್ಲಿಟ್ಟಿತು. ಮರುವರ್ಷದ ಸ್ಕ್ಯಾನಿನಲ್ಲೂ ಅದು ಬೆಳೆದಿರಲಿಲ್ಲ. ಹೀಗೆ ನುಗ್ಗುವ ಗಡ್ಡೆಗಳಲ್ಲಿ ಕೆಲವು ಜೀನ್‌ಗಳು ಅತಿಯಾಗಿ ಕೆಲಸ ಮಾಡುತ್ತಿರುವುದು ಕಂಡಿದೆ, ಅದಕ್ಕೆಂದೇ ಹೊಸ ಔಷಧಿಯ ಮಾತು ಇನ್ನೂ ದೂರ ಎಂದು ಪ್ರಿಯದರ್ಶಿನಿ ಸ್ಕ್ಯಾನಿನ ದಿನವೇ ತಿಳಿಸಿದರು. ತಾವು ಕೊಟ್ಟದ್ದರಿಂದ ಮುಂದೆ ಯಾರಿಗಾದರೂ ಅನುಕೂಲವಾದರೆ ಆಗಲಿ ಎಂದು ಸುಭದ್ರಮ್ಮನಿಗೆ ಖುಷಿಯೇ ಆಯಿತು. ನಮ್ಮ ಕಡೆ ಒಮ್ಮೆ ಬರಲೇಬೇಕು ಎಂದು ಕರೆದರು.

ಆ ಮಳೆಗಾಲ ಡಾಕ್ಟರು ನಿಜಕ್ಕೂ ಬಂದರು. ಸುಭದ್ರಮ್ಮ ಕಡುಬು, ಕಾಯಿಚಟ್ನಿ ಕಟ್ಟಿಕೊಂಡು ಎಲ್ಲರನ್ನೂ ಗಾಜನೂರು ಡ್ಯಾಮಿಗೆ ಹೊರಡಿಸಿದರು. ನೀರಿನ ಭೋರ್ಗರೆತದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಕ್ಷರಾ ಸುಮ್ಮನೆ ಡಾಕ್ಟರ ಎಲೆಗೆ ಇನ್ನೊಂದು ಕಡುಬು ಹಾಕಿದಳು. ಅವರು ಬೇಡವೆನ್ನಲಿಲ್ಲ.